ಐದು ಮಂದಿಯ ದೈವ

ಅಜ್ಜಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಗೋಣೆಪ್ಪ ಹೊರಗಿನ ಜಗಲಿಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತು, ಕದಿರು ತಿರುಗಿಸುತ್ತ ಕುರಿಯ ಉಣ್ಣೆ ನೂಲುತ್ತಿದ್ದ. ಮಾಘದ ಚಳಿ ಇನ್ನೂ ಹೋಗಿರಲಿಲ್ಲ. ಓಣಿಯ ನಡುವೆ ಯಾರೋ ಬಂದು ನಿಂತ ಹಾಗಾಗಿ ತಲೆ ಎತ್ತಿದ. ಜಂಪಣ್ಣನ ತಾಯಿ ಅಂತರಘಟ್ಟಮ್ಮ. ಮುದುಕಿ ಓಡಿ ಬಂದಿದ್ದಳು, ಏದುಸಿರು ಬರುತ್ತಿತ್ತು. ಆದರೂ ಜಗಲಿಯ ಹತ್ತಿರ ಬರಲಿಲ್ಲ. ಹತ್ತು ಮಾರು ದೂರದಲ್ಲೇ ನಿಂತು, ಗೋಣೆಪ್ಪನನ್ನು ನೋಡದೆ, ಒಳಗಿನ ಕತ್ತಲಿಗೆ ಕೂಗಿದಳು.

"ಅಜ್ಜಮ್ಮಾ, ಸೊಸೆ ಸುಂಕಲಿಗೆ ನೋವು ಬಂದೈತೆ. ಮೊದಲ ಕೋಳಿ ಕೂಗಿದಾಗಿಂದ ಒದ್ದಾಡ್ತಾ ಅವಳೆ. ಕೂಸು ಅಡ್ಡ ನಿಂತಂಗೆ ಕಾಣ್ತೈತೆ. ನನಗೇನೂ ತಿಳಿವಲ್ದು ತಂಗೀ. ಜಂಪಣ್ಣನೂ ಊರಾಗಿಲ್ಲ."

ಒಳಗೆ ರೊಟ್ಟಿಯ ಸದ್ದು ನಿಂತಿತು. ಅಜ್ಜಮ್ಮ ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು, ಗೂಡಿನಲ್ಲಿದ್ದ ಗಂಟನ್ನು ತೆಗೆದುಕೊಂಡು ಬಾಗಿಲಿಗೆ ಬಂದಳು. ಹರಳೆಣ್ಣೆಯ ಕುಡಿಕೆ, ಹಳೆಯ ಸೀರೆಯ ತುಂಡುಗಳು, ಹೊಕ್ಕುಳಬಳ್ಳಿ ಕೊಯ್ಯುವ ಸಣ್ಣ ಕುಡುಗೋಲು ಅದರಲ್ಲಿದ್ದವು. ಇಪ್ಪತ್ತೈದು ವರ್ಷದಿಂದ ಕರೇಹಟ್ಟಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಬಿದ್ದದ್ದು ಅವಳ ಕೈಗೆ. ಅಡ್ಡ ನಿಂತ ಕೂಸನ್ನು ಹೊಟ್ಟೆಯ ಮೇಲಿಂದಲೇ ಎಣ್ಣೆಗೈಯಲ್ಲಿ ನೀವಿ ನೀವಿ ತಿರುಗಿಸುವುದು ಆ ಸುತ್ತಿನ ಹಳ್ಳಿಗಳಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು.

ಅವಳು ಹೊಸ್ತಿಲು ದಾಟುವ ಮೊದಲೇ ಗೋಣೆಪ್ಪ ಎದ್ದು ಬಾಗಿಲಿಗೆ ಕೈ ಅಡ್ಡ ಹಿಡಿದ.

"ಹೆಂಗೆ ಹೋಗ್ತೀಯೇ? ದೈವದ ಮಾತು ಮರೆತ್ಯಾ?"

ಕರೇಹಟ್ಟಿಯಲ್ಲಿ ದೈವ ಎಂದರೆ ಗುಡಿಯೊಳಗಿನ ದೇವರಷ್ಟೇ ಅಲ್ಲ. ಕುಲದ ಐದು ಮಂದಿ ಹಿರಿಯರು ಬೇವಿನ ಮರದ ಕಟ್ಟೆಯ ಮೇಲೆ ಒಂದೇ ಕಂಬಳಿ ಹಾಸಿಕೊಂಡು ಕೂತರೆ ಅದೂ ದೈವವೇ. ತಮ್ಮ ತಮ್ಮ ಮನೆಯಲ್ಲಿದ್ದಾಗ ಅವರು ಬೀರಲಿಂಗಪ್ಪ, ಮರುಳಸಿದ್ದಪ್ಪ, ದಾಸಪ್ಪ. ಅವರಿಗೂ ಹಲ್ಲುನೋವು ಬರುತ್ತಿತ್ತು, ಹೆಂಡತಿಯ ಜೊತೆ ಜಗಳವಾಗುತ್ತಿತ್ತು. ಕಂಬಳಿಯ ಮೇಲೆ ಕೂತ ಕೂಡಲೇ ಹೆಸರುಗಳು ಹೋಗಿಬಿಡುತ್ತಿದ್ದವು. ಆಮೇಲೆ ಊರಲ್ಲಿ ಯಾರೂ "ಅವರು ಹೇಳಿದರು" ಅನ್ನುತ್ತಿರಲಿಲ್ಲ. "ದೈವ ಹೇಳೈತೆ" ಅನ್ನುತ್ತಿದ್ದರು. ಮಳೆ ಬಂದೈತೆ, ಗಾಳಿ ಬೀಸೈತೆ ಅಂದಂತೆ. ಮಳೆಯನ್ನು ಯಾಕೆ ಬಂದೆ ಎಂದು ಯಾರು ಕೇಳುತ್ತಾರೆ?

ದೈವದ ಮಾತನ್ನು ಮನೆಮನೆಗೆ ಮುಟ್ಟಿಸುವ ಕೋಲುಕಾರ ಗೋಣೆಪ್ಪ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಮದುವೆಯ ವೀಳ್ಯದ ಸುದ್ದಿ, ಸಾವಿನ ಸುದ್ದಿ, ಹಬ್ಬದ ದಿನ ಗೊತ್ತಾದ ಸುದ್ದಿ, ಎಲ್ಲಕ್ಕೂ ಅವನೇ. ತಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂದು ಅವನು ನಂಬಿದ್ದ. ಹೇಳುವುದು ದೈವ, ತಾನು ಬರೀ ಬಾಯಿ.

ಎರಡು ತಿಂಗಳ ಹಿಂದೆ ಜಂಪಣ್ಣನ ಜೋಳದ ಹೊಲಕ್ಕೆ ಯಜಮಾನ ಬೀರಲಿಂಗಪ್ಪನ ಕುರಿಗಳು ನುಗ್ಗಿ, ತೆನೆ ಕಟ್ಟುತ್ತಿದ್ದ ಪೈರನ್ನೆಲ್ಲ ಮೇದುಬಿಟ್ಟವು. ಜಂಪಣ್ಣ ಬಿಸಿರಕ್ತದ ಹುಡುಗ. ದೈವದ ಮುಂದೆ ಹೇಳಿದರೆ ಯಜಮಾನನ ಕುರಿಗಳ ಮೇಲೆ ಯಜಮಾನನೇ ತೀರ್ಪು ಕೊಡುತ್ತಾನೆಯೇ ಎಂದವನೇ ನೇರವಾಗಿ ಪೇಟೆಗೆ ಹೋಗಿ ಅಮಲ್ದಾರರಿಗೆ ಅರ್ಜಿ ಕೊಟ್ಟ. ಅಮಲ್ದಾರರು ಯಾವಾಗ ವಿಚಾರಿಸುತ್ತಾರೋ ಗೊತ್ತಿರಲಿಲ್ಲ. ದೈವ ಮಾತ್ರ ಮೂರನೇ ದಿನಕ್ಕೇ ಕೂಡಿತು. ಕುಲದ ಮಾತನ್ನು ಕಚೇರಿಯ ಮೆಟ್ಟಿಲು ಹತ್ತಿಸಿದವನಿಗೆ ಕುಲದಲ್ಲಿ ಜಾಗವಿಲ್ಲ ಎಂದಿತು.

ಗೋಣೆಪ್ಪ ಕೋಲು ಹಿಡಿದು ನಲವತ್ತು ಮನೆಗಳ ಮುಂದೆ ನಿಂತು ಅದೇ ಮಾತು ಹೇಳಿದ. "ಜಂಪಣ್ಣನ ಮನೆಗೆ ಬೆಂಕಿ ಇಲ್ಲ, ನೀರು ಇಲ್ಲ. ಅವನ ಹೊಸ್ತಿಲು ತುಳಿಯಂಗಿಲ್ಲ, ಅವನು ನಿಮ್ಮ ಹೊಸ್ತಿಲು ತುಳಿಯಂಗಿಲ್ಲ. ದೈವದ ಮಾತು." ತನ್ನ ಮನೆಯ ಮುಂದೆಯೂ ನಿಂತು ಹೇಳಿದ. ಜೋಳದಲ್ಲಿ ಕಲ್ಲು ಆರಿಸುತ್ತಿದ್ದ ಅಜ್ಜಮ್ಮ, "ನನಗೂ ಹೇಳಬೇಕಾ?" ಎಂದು ನಕ್ಕಿದ್ದಳು. "ಎಲ್ಲಾ ಮನೆಗೂ ಹೇಳಬೇಕು" ಎಂದಿದ್ದ ಅವನು, ನಗದೆ.

ಕಡೆಗೆ ಜಂಪಣ್ಣನ ಮನೆಗೇ ಹೋದ. ಜಂಪಣ್ಣನ ಹೆಂಡತಿ ಸುಂಕಲಮ್ಮ ಚನ್ನಗಿರಿ ಕಡೆಯಿಂದ ಬಂದ ಹೆಣ್ಣು, ಆಗ ಏಳು ತಿಂಗಳ ಬಸುರಿ. ಬಿಸಿಲಲ್ಲಿ ಬಂದ ಹಿರಿಯನೆಂದು ಅವಳು ಒಂದು ಚೊಂಬು ಮಜ್ಜಿಗೆ ಹಿಡಿದುಕೊಂಡೇ ಹೊರಗೆ ಬಂದಿದ್ದಳು. ಗೋಣೆಪ್ಪ ಮಾತು ಹೇಳಿ ಮುಗಿಸಿದ. ಅವಳು ಚೊಂಬನ್ನು ಮುಂದೆ ಚಾಚಲೂ ಆಗದೆ, ಒಳಗೆ ಒಯ್ಯಲೂ ತೋಚದೆ ಹಾಗೇ ನಿಂತಿದ್ದಳು. ಅವನು ತಿರುಗಿ ಬಂದಿದ್ದ.

ಈಗ ಅಜ್ಜಮ್ಮ ಗಂಡನ ಅಡ್ಡಗೈಯನ್ನು ನೋಡಿದಳು.

"ಹೆರಿಗೆ ರೀ ಇದು. ನೀರು ಬೆಂಕಿ ಮಾತಲ್ಲ."

"ನನಗೆ ಗೊತ್ತಿಲ್ಲೇನು? ನೀನು ಅತ್ಲಾಗೆ ಹೋದ್ರೆ ಇತ್ಲಾಗೆ ನಮ್ಮ ಮನೆಗೂ ಅದೇ ಗತಿ. ನ್ಯಾಮತಿಯಾಗೆ ಶಂಕರಮ್ಮನ ಅತ್ತೆ ಮಾವ ಸುಮ್ನಿರ್ತಾರಾ? ತೌರಿಗೆ ಕುಲ ಇಲ್ಲ ಅಂದಮೇಲೆ ಮಗಳನ್ನ ನಾಳೆಯೇ ಗಾಡಿ ಹತ್ತಿಸಿ ಕಳಿಸ್ತಾರೆ."

ಶಂಕರಮ್ಮ ಅವರ ಒಬ್ಬಳೇ ಮಗಳು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಅಜ್ಜಮ್ಮನ ಕಾಲು ಅಲ್ಲೇ ನಿಂತಿತು.

"ನಾನೇ ಹೋಗಿ ಅಪ್ಪಣೆ ತರ್ತೀನಿ," ಎಂದ ಗೋಣೆಪ್ಪ. "ಯಾರೂ ಕಲ್ಲುಮನಸ್ಸಿನೋರಲ್ಲ. ಬಸುರಿ ಹೆಂಗಸು ಅಂದ್ರೆ ಇಲ್ಲ ಅನ್ನಲ್ಲ. ನೀನು ಕುಂತಿರು, ಬಂದೆ." ಓಣಿಯ ಕಡೆ ತಿರುಗಿ, "ಅಕ್ಕಾ, ನೀನು ಸೊಸೆ ಹತ್ರ ಹೋಗು. ಇವಳನ್ನ ಕಳಿಸ್ತೀನಿ," ಎಂದ.

ಅಂತರಘಟ್ಟಮ್ಮ ಒಂದು ಕ್ಷಣ ಅವನ ಮುಖ ನೋಡಿದಳು. ಎರಡು ತಿಂಗಳಾದ ಮೇಲೆ ಕುಲದವನೊಬ್ಬ ಅವಳನ್ನು ಅಕ್ಕಾ ಎಂದಿದ್ದ. ಬಂದ ದಾರಿಯಲ್ಲಿ ಓಡಿದಳು.

ಮರುಳಸಿದ್ದಪ್ಪನ ಮನೆ ಹಿಂದಿನ ಓಣಿಯಲ್ಲೇ. ಐವರಲ್ಲಿ ಹಿರಿಯ, ಮಾತು ಮೆದು. ಗೋಣೆಪ್ಪ ಹೇಳಿದ್ದನ್ನು ಕೇಳಿ ಅವನ ಕಣ್ಣಲ್ಲಿ ನೀರಾಡಿತು.

"ಪಾಪ, ಆ ಹೆಣ್ಣುಮಗಳು ಏನು ಮಾಡೈತೆ? ಹೋಗಲಿ ಅಂತ್ಲೇ ನನ್ನ ಮನಸ್ಸು."

"ಹಂಗಾದ್ರೆ ಕಳಿಸಲಾ?"

"ಅಲ್ಲೋ ಗೋಣೆಪ್ಪ, ನಾನೊಬ್ಬ ದೈವ ಆಗ್ತೀನಾ? ನಾಳೆ ಕೂಡಿದಾಗ, ನಿಮ್ಮೊಬ್ಬರ ಬಾಯಿಂದ ಹೆಂಗೆ ಬಂತು ಅಂತ ಕೇಳಿದ್ರೆ ಏನು ಹೇಳಲಿ? ವಿರೂಪಾಕ್ಷಪ್ಪನ್ನ ಒಂದು ಮಾತು ಕೇಳು. ಅವನು ಹೂಂ ಅಂದ್ರೆ ನಂದೂ ಹೂಂ."

ವಿರೂಪಾಕ್ಷಪ್ಪನಿಗೆ ಕಿವಿ ಮಂದ. ಗೋಣೆಪ್ಪ ಎರಡು ಸಲ ಕೂಗಿ ಹೇಳಬೇಕಾಯಿತು. ಅವನು ಹೂಂ ಹೂಂ ಎಂದು ತಲೆಯಾಡಿಸಿದ. ಆಮೇಲೆ, "ಉಳಿದೋರು ಏನಂತಾರೋ ಅದೇ ನಂದು," ಎಂದು ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದ. ಐದನೆಯವನು ಹೊನ್ನಾಳಿ ಕಡೆಯ ನೆಂಟರ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು. ಉಳಿದವರು ದಾಸಪ್ಪ ಮತ್ತು ಯಜಮಾನ.

ದಾಸಪ್ಪ ಊರಾಚೆಯ ಕಣದಲ್ಲಿ ಜೋಳ ತುಳಿಸುತ್ತಿದ್ದ. ಎತ್ತುಗಳನ್ನು ನಿಲ್ಲಿಸದೆಯೇ, ಅವುಗಳ ಹಿಂದೆ ಸುತ್ತುತ್ತಲೇ ಮಾತಾಡಿದ. ಅವನ ಜೊತೆ ಗೋಣೆಪ್ಪನೂ ಸುತ್ತಬೇಕಾಯಿತು.

"ನಿನಗೊಂದು ಹೇಳಲಾ? ಅವತ್ತು ಕಟ್ಟೆ ಮ್ಯಾಲೇ ನಾನು ಬ್ಯಾಡ ಅಂದಿದ್ದೆ. ಹುಡುಗನ ಪೈರು ಹೋಗೈತೆ, ಹೊಟ್ಟೆ ಉರೀತೈತೆ, ಬುದ್ಧಿ ಹೇಳಿ ಬಿಡಾನ ಅಂದೆ."

"ನೀವು ಬ್ಯಾಡ ಅಂದಿದ್ರಾ?" ಗೋಣೆಪ್ಪನಿಗೆ ಆಶ್ಚರ್ಯವಾಯಿತು. ಕಂಬಳಿ ಹಾಸಿ ಅವನು ದೂರ ಸರಿದು ನಿಲ್ಲುತ್ತಿದ್ದ; ಮಾತು ಅವನ ಕೈಗೆ ಬಂದಾಗ ಅದರಲ್ಲಿ ಯಾರ 'ಬ್ಯಾಡ'ವೂ ಇರಲಿಲ್ಲ.

"ಅಂದಿದ್ದೆ. ಆದ್ರೆ ಒಂದ್ಸಲ ದೈವ ಹೇಳಿತು ಅಂದಮೇಲೆ ನಾನೂ ಹೇಳಿದಂಗೇ ಅಲ್ವಾ? ಈಗ ನಾನು ಕಳಿಸು ಅಂದ್ರೆ ಯಜಮಾನನ ಮ್ಯಾಲೆ ಹಟಕ್ಕೆ ಬಿದ್ದಂಗೆ ಆಗ್ತೈತೆ. ಅವನನ್ನೇ ಕೇಳು. ನನ್ನ ಅಡ್ಡಿ ಏನೂ ಇಲ್ಲ, ಹಂಗಂತ ಹೇಳು."

ಯಜಮಾನ ಊರಲ್ಲಿರಲಿಲ್ಲ. ಗುಡ್ಡದ ಬುಡದಲ್ಲಿ, ಎರಡು ಮೈಲಿ ಆಚೆ, ಕುರಿರೊಪ್ಪದ ಹತ್ತಿರ ಇದ್ದ. ಬಿಸಿಲು ಏರುತ್ತಿತ್ತು. ಗೋಣೆಪ್ಪ ಅರ್ಧ ಓಡುತ್ತ ಅರ್ಧ ನಡೆಯುತ್ತ ಹೋದ. ಮೂವರು ಒಪ್ಪಿದರು, ಇನ್ನೊಬ್ಬ ಉಳಿದಿದ್ದಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಬೀರಲಿಂಗಪ್ಪ ಆಗಷ್ಟೇ ಈದ ಕುರಿಯೊಂದರ ಮರಿಯನ್ನು ಕಂಬಳಿಯ ತುದಿಯಿಂದ ಒರೆಸುತ್ತಿದ್ದ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಸಿಟ್ಟಾಗಲಿಲ್ಲ.

"ಗೋಣೆಪ್ಪ, ನನ್ನ ಕುರಿ ಮೇದದ್ದು ತಪ್ಪೇ. ಅವನು ದೈವದ ಮುಂದೆ ಬಂದು ಕೇಳಿದ್ದಿದ್ರೆ ಎರಡರಷ್ಟು ಜೋಳ ಅಳೆದು ಕೊಡ್ತಿದ್ದೆ. ಅವನು ಬರಲಿಲ್ಲ. ಪ್ಲೇಗಿನ ವರ್ಷ ನಾವೆಲ್ಲ ಊರು ಬಿಟ್ಟು ಹೊಲದಾಗೆ ಗುಡಿಸಲು ಹಾಕ್ಕಂಡಿದ್ವಲ್ಲ, ಅವನಪ್ಪ ಆವಾಗಲೇ ಸತ್ತ. ಆ ತಾಯಿ ಮಗನಿಗೆ ಮೂರು ವರ್ಷ ಕಾಳು ಹಾಕಿದ್ದು ಯಾರು? ಅಮಲ್ದಾರರಾ? ಅವರು ವರ್ಷಕ್ಕೊಂದ್ಸಲ ಗಾಡಿಯಾಗೆ ಬಂದು ಹೋಗ್ತಾರೆ. ದೈವ ಹಾಕಿತು. ಇವತ್ತು ಒಬ್ಬ ಕಚೇರಿಗೆ ಹೋದ್ರೆ ನಾಳೆ ಹತ್ತು ಜನ ಹೋಗ್ತಾರೆ. ಆಮೇಲೆ ದೈವ ಅನ್ನೋದು ಎಲ್ಲಿ ಉಳೀತೈತೆ? ಬಡವರಿಗೆ ಯಾರವರೆ?"

"ನಿಜ ಯಜಮಾನ್ರೇ. ಆದ್ರೆ ಈಗ ಆ ಹೆಣ್ಣುಮಗಳು..."

"ಆ ಹುಡುಗಿ ನನ್ನ ಮಗಳಿದ್ದಂಗೆ. ನಾನು ಬ್ಯಾಡ ಅಂತೀನಾ? ಆದ್ರೆ ಕಟ್ಟು ಹಾಕಿದ್ದು ನಾನೊಬ್ಬ ಅಲ್ಲ, ಬಿಚ್ಚೋದೂ ನಾನೊಬ್ಬ ಅಲ್ಲ. ಸಂಜೆ ಮುಂದೆ ಎಲ್ಲರನ್ನೂ ಕಟ್ಟೆಗೆ ಕರಿ. ಇರೋ ನಾಲ್ಕು ಜನಾನೇ ಕೂಡಾನ. ಹೆರಿಗೆಯ ಮಟ್ಟಿಗೆ ಸಡಿಲ ಮಾಡಾನ ಅಂತ ನಾನೇ ಎತ್ತುತೀನಿ."

"ಸಂಜೆ ತನಕ ತಡೀತಾಳಾ?"

"ಚೊಚ್ಚಲು ಹೆರಿಗೆ ಅಲ್ವಾ, ಹೊತ್ತು ಹಿಡೀತೈತೆ," ಎಂದ ಬೀರಲಿಂಗಪ್ಪ. ನಡುಗುತ್ತಿದ್ದ ಮರಿಯನ್ನು ಎತ್ತಿ ತಾಯಿಕುರಿಯ ಕೆಚ್ಚಲಿಗೆ ಬಾಯಿ ಹಚ್ಚಿಸಿದ.

ಗೋಣೆಪ್ಪ ಊರು ಮುಟ್ಟಿದಾಗ ನೆತ್ತಿಯ ಸೂರ್ಯ ಪಡುವಣಕ್ಕೆ ವಾಲಿದ್ದ. ಅಜ್ಜಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಒಳಗೇ ಕೂತಿದ್ದಳು. ಒಲೆ ಆರಿತ್ತು. ಅರ್ಧ ಬಡಿದ ರೊಟ್ಟಿ ಹಿಟ್ಟು ನಾದುವ ಕೊಣಮಿಗೆಯಲ್ಲಿ ಒಣಗಿತ್ತು. ಜಂಪಣ್ಣನ ಮನೆಯಿಂದ ಬೆಳಿಗ್ಗೆಯೆಲ್ಲ ಕೇಳಿಬರುತ್ತಿದ್ದ ಕೂಗು ಒಂದು ಗಳಿಗೆಯಿಂದ ಕೇಳಿಸುತ್ತಿರಲಿಲ್ಲ.

"ಏನಂದ್ರು?"

"ಸಂಜೆ ಮುಂದೆ ಕೂಡ್ತಾರಂತೆ."

"ಮರುಳಸಿದ್ದಪ್ಪಾರು ಏನಂದ್ರು?"

"ಹೋಗಲಿ ಅಂದ್ರು."

"ವಿರೂಪಾಕ್ಷಪ್ಪಾರು?"

"ಹೂಂ ಅಂದ್ರು."

"ದಾಸಪ್ಪಾರು?"

"ಅವರು ಅವತ್ತೇ ಬ್ಯಾಡ ಅಂದಿದ್ರಂತೆ."

"ಯಜಮಾನ್ರು?"

"ನಾನು ಬ್ಯಾಡ ಅಂತೀನಾ ಅಂದ್ರು. ಮಗಳಿದ್ದಂಗೆ ಅಂದ್ರು."

ಅಜ್ಜಮ್ಮ ಎದ್ದು ನಿಂತಳು. "ಎಲ್ಲರೂ ಹೋಗಲಿ ಅಂದ್ರು. ಹಂಗಾದ್ರೆ ಬೆಳಿಗ್ಗೆಯಿಂದ ನನ್ನ ಈ ಬಾಗಿಲಾಗೆ ಕೂರಿಸಿದ್ದು ಯಾರು?"

ಈ ಸಲ ಗೋಣೆಪ್ಪ ಬಾಗಿಲಿಗೆ ಕೈ ಅಡ್ಡ ಹಿಡಿಯಲಿಲ್ಲ. ಅವಳು ಅವನ ಪಕ್ಕದಿಂದಲೇ ಇಳಿದು ಓಣಿಯಲ್ಲಿ ನಡೆದಳು. ಸ್ವಲ್ಪ ದೂರ ಹೋದಮೇಲೆ ಓಡತೊಡಗಿದಳು. ಬಾಗಿಲಲ್ಲಿ ನಿಂತ ಹೆಂಗಸರು ನೋಡಿ ಒಳಗೆ ಸರಿದರು.

ಗೋಣೆಪ್ಪ ಹಿಂದೆಯೇ ಹೋದ. ಜಂಪಣ್ಣನ ಹೊಸ್ತಿಲ ಹತ್ತಿರ ಬಂದಾಗ ಅವನ ಕಾಲು ತಾನೇ ನಿಂತುಬಿಟ್ಟಿತು. ನಲವತ್ತು ಮನೆಗೆ ಹೇಳಿದ ಮಾತು ಅವನ ಕಾಲಿಗೂ ಹತ್ತಿತ್ತು. ಒಳಗೆ ಅಂತರಘಟ್ಟಮ್ಮ ಅಳುತ್ತಿರಲಿಲ್ಲ. "ಈಗ ಬಂದ್ಯಾ ತಂಗೀ," ಎಂದಳು, ಅಷ್ಟೇ. ಅಜ್ಜಮ್ಮನ ಬಳೆಯ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಅವಳು ಹೊರಗೆ ಬಂದಾಗ ಮೊಣಕೈವರೆಗೂ ರಕ್ತವಾಗಿತ್ತು.

"ಹೆಣ್ಣುಕೂಸು. ಅದೂ ಇಲ್ಲ, ಅವಳೂ ಇಲ್ಲ. ನಾನು ಹೋದಾಗ ಅವಳ ಕೈ ಇನ್ನೂ ಬೆಚ್ಚಗಿತ್ತು." ಅವಳು ಗಂಡನ ಕಡೆ ನೋಡಲಿಲ್ಲ. "ನೀರು ಬೇಕು. ಇವರ ಮನೆಯಾಗೆ ಎರಡು ಬಿಂದಿಗೆ ಐತೆ. ಇಬ್ಬರನ್ನೂ ತೊಳೆಯಾಕೆ ಸಾಲಲ್ಲ."

ಆ ಮನೆಯವರು ಎರಡು ತಿಂಗಳಿಂದ ಹಳ್ಳದ ಮರಳು ತೋಡಿ ನೀರು ತರುತ್ತಿದ್ದರು. ಗೋಣೆಪ್ಪ ಅಂಗಳದಲ್ಲಿದ್ದ ಬಿಂದಿಗೆ ಎತ್ತಿಕೊಂಡು ಊರಬಾವಿಗೆ ಹೋದ. ಜಂಪಣ್ಣನ ಮನೆಯ ಬಿಂದಿಗೆ ಎಂದು ಗುರುತು ಹಿಡಿದ ಹೆಂಗಸರು ತಮ್ಮ ಹಗ್ಗಗಳನ್ನು ಎಳೆದುಕೊಂಡು ದೂರ ನಿಂತರು. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಮಾತಾಡಿಸಲಿಲ್ಲ. ಮೂರು ಸಲ ಹೋಗಿ ಬಂದ. ಮೊದಲ ಸಲ ಬಿಂದಿಗೆಯನ್ನು ಹೊಸ್ತಿಲ ಹೊರಗೆ ಇಟ್ಟ. ಎರಡನೆಯ ಸಲ ಒಳಗೆ ಹೋಗಿ ಇಟ್ಟ.

ಜಂಪಣ್ಣ ಮೂರು ಗಂಟೆಯ ಹೊತ್ತಿಗೆ ಬಂದ. ಹಿಂದಿನ ದಿನ ಹೋದವನು ಪೇಟೆಯಲ್ಲೇ ಉಳಿದು, ಕಚೇರಿಯ ಹೊರಗೆ ಕೂರುವ ಅರ್ಜಿ ಬರೆಯುವವನ ಹತ್ತಿರ ಎರಡನೆಯ ಅರ್ಜಿ ಬರೆಸಲು ನೋಡಿದ್ದ: ಕುಲದವರು ಕಟ್ಟು ಹಾಕಿದ್ದಾರೆ, ಹೆಂಡತಿ ದಿನ ತುಂಬಿದ ಬಸುರಿ, ಸರ್ಕಾರ ಬಿಡಿಸಬೇಕು ಎಂದು. ಬರೆಯುವವನು ಕಾಗದ ಮುಟ್ಟಲಿಲ್ಲವಂತೆ. "ಜಾತಿ ಕಟ್ಟುಪಾಡಿಗೆ ಸರ್ಕಾರ ಕೈ ಹಾಕಲ್ಲಪ್ಪ, ನಿಮ್ಮ ದೈವದ ಹತ್ತಿರವೇ ಬಗೆಹರಿಸಿಕೊ," ಎಂದನಂತೆ. ಇದನ್ನೆಲ್ಲ ಜಂಪಣ್ಣ ಆ ಅಂಗಳದಲ್ಲಿ ನಿಂತು ಒಂದೇ ಸಮ ಹೇಳಿದ. ಒಳಗೆ ಹೋಗಿ ನೋಡಿ ಬಂದಮೇಲೂ ಅದನ್ನೇ ಹೇಳಿದ. ಬೇರೆ ಏನು ಹೇಳಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಕಡೆಗೆ ಅವನ ಕಣ್ಣು ಗೋಣೆಪ್ಪನ ಮೇಲೆ ನಿಂತಿತು.

"ನೀನ್ಯಾಕೆ ಬಂದೆ ಇಲ್ಲಿಗೆ? ಇನ್ನೇನು ಹೇಳಿ ಕಳಿಸೈತೆ ನಿನ್ನ ದೈವ?"

"ಯಾರೂ ಕಳಿಸಿಲ್ಲಪ್ಪ," ಎಂದ ಗೋಣೆಪ್ಪ. "ಬೆಳಿಗ್ಗೆ ಇವಳು ಹೊರಟಿದ್ಲು. ನಾನು ಬಿಡಲಿಲ್ಲ. ನಾನೇ ಬಿಡಲಿಲ್ಲ."

ಜಂಪಣ್ಣ ಹೊಡೆಯುತ್ತಾನೆ ಎಂದುಕೊಂಡ. ಹೊಡೆದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಜಂಪಣ್ಣ ಅಂಗಳದ ಮೂಲೆಯಿಂದ ಗುದ್ದಲಿ ತೆಗೆದುಕೊಂಡು, "ಗುಂಡಿ ತೋಡಬೇಕು," ಎಂದಷ್ಟೇ ಹೇಳಿದ. ಇಬ್ಬರೂ ಹೋಗಿ ಗುಂಡಿ ತೋಡಿದರು. ಬಂದು ಬಿದಿರು ಕಡಿದು ಚಟ್ಟ ಕಟ್ಟಿದರು. ಕೂಸನ್ನು ತಾಯಿಯ ಎಡಗೈಯ ಸಂದಿಯಲ್ಲಿ ಮಲಗಿಸಿ, ಅಜ್ಜಮ್ಮ ಒಂದೇ ಸೀರೆ ಹೊದಿಸಿದಳು.

ಹೊರುವುದಕ್ಕೆ ನಾಲ್ಕು ಜನ ಬೇಕು. ಗೋಣೆಪ್ಪ ಓಣಿಯ ಎರಡೂ ಕಡೆ ನೋಡಿದ. ಕದಗಳು ಮುಚ್ಚಿದ್ದವು. ಅಜ್ಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಹೆಂಗಸರು ಹೆಗಲು ಕೊಡಂಗಿಲ್ಲ," ಎಂಬ ಮಾತು ಗೋಣೆಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ಆಡಲಿಲ್ಲ. ಮೂವರು ಹೇಗೋ ಎತ್ತಿದರು. ಹಿಂದಿನ ಒಂದು ಮೂಲೆಯನ್ನು ಅಂತರಘಟ್ಟಮ್ಮ ಕೈಯಲ್ಲೇ ಎತ್ತಿ ಹಿಡಿದಳು.

ದಾರಿ ಬೇವಿನ ಕಟ್ಟೆಯ ಮುಂದೆಯೇ. ಬಿಸಿಲು ಇಳಿಯುತ್ತಿತ್ತು. ಹೇಳಿದ ಮಾತಿನಂತೆ ಬೀರಲಿಂಗಪ್ಪ ಬಂದಿದ್ದ. ಉಳಿದ ಮೂವರನ್ನೂ ತಾನೇ ಹೇಳಿಕಳಿಸಿ ಕರೆಸಿದ್ದ. ಕಂಬಳಿ ಹಾಸುವ ಕೋಲುಕಾರ ಬರಲಿಲ್ಲವೆಂದು ತಾವೇ ಹಾಸಿಕೊಂಡು ಕೂತಿದ್ದರು.

"ಗೋಣೆಪ್ಪ," ಎಂದ ಬೀರಲಿಂಗಪ್ಪ. ದನಿ ಸಣ್ಣಗಿತ್ತು. "ಆ ಕಟ್ಟನ್ನೇ ಬಿಚ್ಚಬೇಕು ಅಂತ ದೈವ ಕೂಡೈತೆ ಕಣಪ್ಪ. ಒಂದು ಗಳಿಗೆ ನಿಲ್ಲು."

ಗೋಣೆಪ್ಪ ನಿಂತ. ಹೆಗಲ ಮೇಲಿನ ಬಿದಿರು ಮೂಳೆಗೆ ಒತ್ತುತ್ತಿತ್ತು. ಅವನು ಕಟ್ಟೆಯ ಕಡೆ ತಿರುಗಿದ. ಮೂವತ್ತು ವರ್ಷದಲ್ಲಿ ಆ ಕಂಬಳಿಯ ಮೇಲೆ ಕೂತವರ ಮುಖಗಳನ್ನು ಒಂದೊಂದಾಗಿ ಅವನು ನೋಡಿದ್ದೇ ಇಲ್ಲ. ತಲೆ ತಗ್ಗಿಸಿಯೇ ನಿಲ್ಲುತ್ತಿದ್ದ.

"ಮರುಳಸಿದ್ದಪ್ಪಾರೇ, ಒಂದು ಹೆಗಲು ಕಡಿಮೆ ಐತೆ. ಬರ್ತೀರಾ?"

ಮರುಳಸಿದ್ದಪ್ಪ ನೆಲ ನೋಡಿದ.

"ವಿರೂಪಾಕ್ಷಪ್ಪಾರೇ, ನೀವು ಬರ್ತೀರಾ?"

ಅವನಿಗೆ ಈ ಸಲ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಚ್ಚಿದ.

"ದಾಸಪ್ಪಾರೇ?"

ದಾಸಪ್ಪ ಎದ್ದ. ಒಂದು ಕಾಲು ಕಟ್ಟೆಯಿಂದ ಕೆಳಗೆ ಇಟ್ಟ. ಈ ಪಕ್ಕದವರ ಮುಖ ನೋಡಿದ, ಆ ಪಕ್ಕದವರ ಮುಖ ನೋಡಿದ. ಅಲ್ಲೇ ನಿಂತ.

"ಬೀರಲಿಂಗಪ್ಪಾರೇ, ಮಗಳಿದ್ದಂಗೆ ಅಂದ್ರಿ."

ಯಜಮಾನನ ತುಟಿ ಅಲುಗಿತು. "ಕೂಡಿ ಒಂದು ಮಾತು ಆಗಲಿ ತಡಿ..." ಎಂದ. ಮುಂದಿನದು ಕೇಳಿಸಲಿಲ್ಲ.

ಯಾರೂ ಬರಲಿಲ್ಲ. ಜಂಪಣ್ಣ ಮುಂದೆ ನಿಂತು ಹಿಂದೆ ತಿರುಗಿ ಕೂಡ ನೋಡಲಿಲ್ಲ. ಅಂತರಘಟ್ಟಮ್ಮ, "ನಡೀರಪ್ಪ, ಹೊತ್ತು ಮುಳುಗ್ತೈತೆ," ಎಂದು ಸೆರಗನ್ನು ಸಿಂಬಿ ಸುತ್ತಿ ಹೆಗಲ ಮೇಲಿಟ್ಟುಕೊಂಡು, ಕೈಯಲ್ಲಿ ಹಿಡಿದಿದ್ದ ಮೂಲೆಯನ್ನು ಅದರ ಮೇಲೆ ಹೊತ್ತಳು. ಚಟ್ಟ ಅವಳ ಕಡೆಗೆ ವಾಲಿತು. ಸೀರೆಯೊಳಗಿದ್ದ ಸಣ್ಣ ಭಾರ ಅತ್ತ ಜಾರುವಂತಾಯಿತು.

ಅವಳ ಪಕ್ಕದಲ್ಲಿದ್ದ ಗೋಣೆಪ್ಪ ಆಳೆತ್ತರದ ಮನುಷ್ಯ. ಅವನು ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ತನ್ನ ಹೆಗಲನ್ನು ಮುದುಕಿಯ ಹೆಗಲಿನ ಮಟ್ಟಕ್ಕೆ ತಂದ. ಚಟ್ಟ ಸಮವಾಯಿತು. ಮಣ್ಣು ಮಾಡುವ ಜಾಗ ಅರ್ಧ ಮೈಲಿ. ಅಷ್ಟು ದೂರವೂ ಅವನು ಹಾಗೆ ಬಗ್ಗಿಕೊಂಡೇ, ಮುದುಕಿಯ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ನಡೆದ.